ರನ್ ಎನಿವೇ ಒತ್ತುವ ಮೊದಲು ನಾನು ನೋಡುವುದು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಡಿಟಿಪಿ, ಆನ್‌ಲೈನ್ ಅರ್ಜಿ, ಜೊತೆಗೆ ರಿಪೇರಿ. ಗಿರಾಕಿಗಳು ಜಾಸ್ತಿ ಕೇಳುವುದು ಇದನ್ನೇ: "ಸರ, ನೀಲಿ ಡಬ್ಬಿ ಬಂತ್ರಿ, ವೈರಸ್ ಅದ ಏನ್ರಿ?" ಇನ್ನು ಕೆಲವರದ್ದು ಉಲ್ಟಾ: "ಏನೂ ಬರಲಿಲ್ರಿ, ಅಂದ್ರ ಫೈಲ್ ಚೊಲೋ ಅದ." ಎರಡೂ ಅರ್ಧ ಸತ್ಯ.

ಆ ನೀಲಿ ಡಬ್ಬಿ ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್, ನೆಟ್‌ನಿಂದ ಇಳಿಸಿದ ಪ್ರೋಗ್ರಾಂ ತೆರೆಯುವಾಗ ತಡೆದು ಕೇಳುವ ಎಚ್ಚರಿಕೆ. ಆದರೂ ತೆರೆಯಬೇಕು ಅಂದರೆ ಅದರಲ್ಲಿ ರನ್ ಎನಿವೇ ಒತ್ತಬೇಕು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಇದೆ. ಅದು ವೈರಸ್ ಸಿಕ್ಕಿತು ಅನ್ನುತ್ತಿಲ್ಲ. ಈ ಫೈಲ್ ನನಗೆ ಪರಿಚಯವಿಲ್ಲ ಅನ್ನುತ್ತಿದೆ, ಅಷ್ಟೇ. ತುಂಬಾ ಜನ ಇಳಿಸಿಕೊಂಡ ಫೈಲ್ ಆದರೆ ಸುಮ್ಮನಿರುತ್ತದೆ, ನಿನ್ನೆ ಬಿಟ್ಟ ಹೊಸ ಆವೃತ್ತಿಯಾದರೆ ಗೊಣಗುತ್ತದೆ. ಫೈಲ್ ಯಾರದ್ದು ಅಂತ ಹೇಳುವುದು ಅದರ ಮೇಲಿನ ಡಿಜಿಟಲ್ ಸಹಿ. ಆ ಸಹಿ ಹಾಕುವುದಕ್ಕೆ ಸರ್ಟಿಫಿಕೇಟ್ ಬೇಕು, ಅದಕ್ಕೆ ದುಡ್ಡು ಬೇಕು. ಒಬ್ಬಿಬ್ಬರೇ ಕೂತು ಬರೆಯುವ ಉಚಿತ ಸಾಫ್ಟ್‌ವೇರ್‌ಗಳಲ್ಲಿ ಎಷ್ಟೋ ಇದನ್ನು ಮಾಡುವುದಿಲ್ಲ. ಫೈಲ್‌ಗಳನ್ನು ಕುಗ್ಗಿಸುವ 7-ಜಿಪ್ ನೋಡಿ. ಎಲ್ಲರೂ ಬಳಸುತ್ತಾರೆ, ಆದರೂ ನಾನು ಹಾಕಿದಾಗಲೆಲ್ಲ, ಇನ್‌ಸ್ಟಾಲ್‌ಗೆ ಮೊದಲು ವಿಂಡೋಸ್ ಯೆಸ್-ನೋ ಕೇಳುವ ಇನ್ನೊಂದು ಡಬ್ಬಿಯಲ್ಲಿ ಹಳದಿ ಪಟ್ಟಿ, ಅನ್‌ನೋನ್ ಪಬ್ಲಿಷರ್ ಅಂತಲೇ ಬಂದಿದೆ. ಆಂಟಿವೈರಸ್ ಟ್ರೋಜನ್ ಅಂತ ಹೆಸರು ಹಿಡಿದು ಹೇಳಿದರೆ ಮಾತ್ರ ಅದು ಬೇರೆ ವಿಷಯ. ಅಲ್ಲಿ ನಾನು ವಾದಕ್ಕೆ ಇಳಿಯುವುದಿಲ್ಲ.

ಇನ್ನು "ಏನೂ ಬರಲಿಲ್ರಿ" ಅನ್ನುವವರ ಕಥೆ. ನೆಟ್‌ನಿಂದ ಇಳಿಸಿದ ಫೈಲ್‌ಗೆ ಬ್ರೌಸರ್ ಒಂದು ಗುರುತು ಅಂಟಿಸುತ್ತದೆ. ಅದರಲ್ಲಿ ಜೋನ್ ಐಡಿ 3 ಅಂತ ಇರುತ್ತದೆ, ಅಂದರೆ ಇಂಟರ್ನೆಟ್ ಮಾಲು. ಸ್ಮಾರ್ಟ್‌ಸ್ಕ್ರೀನ್ ಆ ಗುರುತು ನೋಡಿಯೇ ಎದ್ದೇಳುವುದು. ಆದರೆ ಈ ಗುರುತು ಉಳಿಯುವುದಕ್ಕೆ ಡಿಸ್ಕ್‌ನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರಬೇಕು. ನಮ್ಮ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಇಲ್ಲವೇ ಎಕ್ಸ್‌ಫ್ಯಾಟ್. ಅದಕ್ಕೆ ಕಾಪಿ ಮಾಡಿದರೆ ಗುರುತು ಹೋಯಿತು, ಎಚ್ಚರಿಕೆಯೂ ಹೋಯಿತು. ಇಲ್ಲಿ ಕನ್ನಡ, ಉರ್ದು ಎರಡರಲ್ಲೂ ಮದುವೆ ಕಾರ್ಡ್ ಮಾಡುವವರು ಜಾಸ್ತಿ. ಅವರ ನಡುವೆ ಪೆನ್‌ಡ್ರೈವ್‌ನಲ್ಲೇ ಓಡಾಡುವ ಸೆಟಪ್‌ಗಳು ಸದ್ದಿಲ್ಲದೆ ಇನ್‌ಸ್ಟಾಲ್ ಆಗುವುದು ಇದರಿಂದಲೇ. ಜೊತೆಗೊಂದು ರೀಡ್‌ಮಿ ಫೈಲ್: ಮೊದಲು ಆಂಟಿವೈರಸ್ ಬಂದ್ ಮಾಡಿ! ಕಳ್ಳನೇ ನಾಯಿ ಕಟ್ಟಿಹಾಕಿ ಅಂದ ಹಾಗೆ. ಅಂಥ ಕ್ರ್ಯಾಕ್, ಅಂದರೆ ದುಡ್ಡಿನ ಸಾಫ್ಟ್‌ವೇರ್‌ನ ಬೀಗ ಮುರಿದ ಪ್ರತಿ, ನಾನು ಹಾಕಿಕೊಡುವುದಿಲ್ಲ, ಗಿರಾಕಿ ಮುನಿಸಿಕೊಂಡರೂ ಸರಿ.

ಒಬ್ಬ ಗುತ್ತಿಗೆದಾರರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಇ-ಟೆಂಡರ್ ಹಾಕುವ ಕೊನೆಯ ದಿನ, ಟೆಂಡರ್‌ಗೆ ಅವರು ಹಾಕುವ ಸ್ವಂತ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಟೋಕನ್ ಓಪನ್ ಆಗುತ್ತಿಲ್ಲ. ಡ್ರೈವರ್ ಆಗಲೇ ಇಳಿಸಿದ್ದೀನ್ರಿ, ಯೆಸ್ ಒತ್ತಿಬಿಡ್ರಿ ಅಂದರು. ಪರದೆ ಮೇಲೆ ಅದೇ ಯೆಸ್-ನೋ ಡಬ್ಬಿ, ಈ ಸಲ ನೀಲಿ ಪಟ್ಟಿ, ವೆರಿಫೈಡ್ ಪಬ್ಲಿಷರ್ ಅಂತಲೂ ಇತ್ತು. ಆದರೆ ಅಲ್ಲಿದ್ದ ಹೆಸರು ಟೋಕನ್ ಕಂಪನಿಯದ್ದಲ್ಲ, ಎಲ್ಲೂ ಕೇಳದ ಯಾವುದೋ ಕಂಪನಿಯದ್ದು. ನೋ ಒತ್ತಿದೆ. ಹುಡುಕಿ ನೋಡಿದರೆ ಅವರು ಗೂಗಲ್‌ನಲ್ಲಿ ಮೇಲೆ ಬಂದ ಜಾಹೀರಾತು ಒತ್ತಿ, ಅಲ್ಲಿದ್ದ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಒತ್ತಿದ್ದರು. ಬಂದದ್ದು ಡ್ರೈವರ್ ಅಪ್‌ಡೇಟರ್ ಅನ್ನುವ ಬೇರೆಯೇ ವಸ್ತು. ಟೋಕನ್ ಕೊಟ್ಟವರ ವೆಬ್‌ಸೈಟಿನಿಂದ ಸರಿಯಾದದ್ದು ಇಳಿಸಿದೆ, ಕೆಲಸ ಆಯಿತು. ಸಹಿ ಹೇಳುವುದು ಫೈಲ್ ಯಾರದ್ದು ಅಂತ ಮಾತ್ರ. ಆ "ಯಾರು" ನಮಗೆ ಬೇಕಾದವರೇನಾ ಅನ್ನುವುದನ್ನು ನಾವೇ ನೋಡಬೇಕು, ಅಲ್ವಾ?

ಹಾಗಾಗಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆಯುವುದು ನನಗೆ ಈಗ ಕೈರೂಢಿ. ಡಿಜಿಟಲ್ ಸಿಗ್ನೇಚರ್ಸ್ ಅನ್ನುವ ಟ್ಯಾಬ್ ಇದ್ದರೆ ಹೆಸರು ಓದುತ್ತೇನೆ. ವಿಎಲ್‌ಸಿಗೆ ವಿಡಿಯೋಲ್ಯಾನ್ ಅಂತ ಇರಬೇಕು, ಲಿಬ್ರೆಆಫೀಸ್‌ಗೆ ದಿ ಡಾಕ್ಯುಮೆಂಟ್ ಫೌಂಡೇಶನ್. ಟ್ಯಾಬೇ ಇಲ್ಲದಿದ್ದರೆ ಹ್ಯಾಶ್, ಅಂದರೆ ಫೈಲ್‌ನ ಬೆರಳಚ್ಚು ನೋಡುತ್ತೇನೆ. ವಿಂಡೋಸ್‌ಗೆ ಆಜ್ಞೆ ಟೈಪ್ ಮಾಡಿ ಕೊಡುವ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಅಂತ ಕೊಟ್ಟು ಫೈಲ್ ಹೆಸರು ಕೊಟ್ಟರೆ 64 ಅಕ್ಷರದ ಸಾಲು ಬರುತ್ತದೆ. ತಯಾರಕರು ಪ್ರಕಟಿಸಿದ ಸಾಲಿಗೆ ಅದು ತಾಳೆಯಾದರೆ ದಾರಿಯಲ್ಲಿ ಯಾರೂ ಕೈ ಹಾಕಿಲ್ಲ. ಅವರು ಪ್ರಕಟಿಸಿಲ್ಲ ಅಂದರೆ ಅದೇ ಸಾಲನ್ನು ವೈರಸ್‌ಟೋಟಲ್ ಅನ್ನುವ ವೆಬ್‌ಸೈಟಿನಲ್ಲಿ ಹುಡುಕುತ್ತೇನೆ. ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಂದೇ ಕಡೆ ಸಿಗುತ್ತದೆ. ಎಲ್ಲೋ ಒಂದೆರಡು ಮಾತ್ರ ಕೆಂಪು ತೋರಿಸಿದರೆ ಸುಳ್ಳು ಎಚ್ಚರಿಕೆಯೂ ಇರಬಹುದು, ಹೆಸರಾದ ಐದಾರು ಒಟ್ಟಿಗೆ ಕೂಗಿದರೆ ಫೈಲ್ ಡಿಲೀಟ್. ಗಿರಾಕಿಗಳ ಆಧಾರ್, ಬ್ಯಾಂಕ್ ಕಾಗದ ಇರುವ ಫೈಲ್‌ಗಳನ್ನು ಮಾತ್ರ ಅಲ್ಲಿಗೆ ಅಪ್‌ಲೋಡ್ ಮಾಡಬೇಡಿ. ಹಾಕಿದ ಫೈಲ್ ಬೇರೆ ಕಂಪನಿಗಳ ಕೈಗೂ ಹೋಗುತ್ತದೆ.

ಇಷ್ಟೆಲ್ಲ ಸರಿ ಕಂಡರೆ ಮೋರ್ ಇನ್ಫೋ ಒತ್ತಿ ರನ್ ಎನಿವೇ ಕೊಡುತ್ತೇನೆ. ಸ್ಮಾರ್ಟ್‌ಸ್ಕ್ರೀನ್ ಪೂರ್ತಿ ಆಫ್ ಮಾಡಿ ಅನ್ನುವವರಿಗೆ ಆ ಒಂದು ಫೈಲ್‌ಗೆ ಮಾತ್ರ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಟಿಕ್ ಹಾಕಿಕೊಡುತ್ತೇನೆ.

ಮನೆ ಕಂಪ್ಯೂಟರ್ ಆದರೆ ದಿನಬಳಕೆಗೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಮನೆಯ ದೊಡ್ಡವರ ಕೈಗೆ ಕೊಡುತ್ತೇನೆ. ಹುಡುಗರು ಇಳಿಸಿದ ಗೇಮ್ ಇನ್‌ಸ್ಟಾಲ್ ಮಾಡಹೋದಾಗ ಪಾಸ್‌ವರ್ಡ್ ಕೇಳುತ್ತದೆ, ದೊಡ್ಡವರು ನನಗೆ ಫೋನ್ ಮಾಡುತ್ತಾರೆ, ಒಂದಿಷ್ಟು ಬೈಯುತ್ತಾರೆ ಕೂಡ. ಎಲ್ಲಿಂದ ಇಳಿಸಿದ್ರಿ ಅಂತ ಕೇಳುವುದಕ್ಕೆ ನನಗೆ ಆಗಲೇ ಅವಕಾಶ ಸಿಗುವುದು.