ಎರೆದ ಮೇಲೆ ಮೂರು ನಿಮಿಷ: ಕೂಸಿನ ಮೈಗೆ ಕ್ರೀಮ್ ಹಚ್ಚುವ ಕ್ರಮ

ಹುಟ್ಟಿದ ವಾರದಿಂದಲೇ ಮಾಯಿಶ್ಚರೈಸರ್ ಹಚ್ಚಿದರೆ ಕೂಸಿಗೆ ಇಸಬು, ಅಂದರೆ ಎಕ್ಸಿಮಾ, ಬರುವುದೇ ಇಲ್ಲ ಎಂಬ ಮಾತು ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಅಷ್ಟು ಸರಳವಲ್ಲ. 2014ರ ಎರಡು ಸಣ್ಣ ಅಧ್ಯಯನಗಳು ಭರವಸೆ ಹುಟ್ಟಿಸಿದ್ದವು. 2020ರಲ್ಲಿ ಬ್ರಿಟನ್ನಿನ 1,394 ಮತ್ತು ನಾರ್ವೆ, ಸ್ವೀಡನ್‌ನ 2,397 ಶಿಶುಗಳ ದೊಡ್ಡ ಅಧ್ಯಯನಗಳಲ್ಲಿ ಲಾಭ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಕ್ರೀಮ್ ಹಚ್ಚಿದ ಗುಂಪಿಗೆ ಚರ್ಮದ ಸೋಂಕು ತುಸು ಹೆಚ್ಚೇ ತಗುಲಿತ್ತು. 2025ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಮತ್ತೆ ಆಸೆ ಚಿಗುರಿಸಿತು: ಎರಡು ವರ್ಷದ ಹೊತ್ತಿಗೆ ಹಚ್ಚಿದವರಲ್ಲಿ ಶೇ 36, ಹಚ್ಚದವರಲ್ಲಿ ಶೇ 43 ಮಕ್ಕಳಿಗೆ ಇಸಬು ಬಂದಿತ್ತು. ಇದು ಲಸಿಕೆಯಲ್ಲ. ಆದರೆ ವಿಜಯಪುರ, ಬಾಗಲಕೋಟೆಯ ಒಣ ಹವೆಯಲ್ಲಿ ಬಿರಿಯುವ ಚರ್ಮಕ್ಕೆ ಇದು ಬೇಕು. ಹಚ್ಚುವುದಾದರೆ ಸರಿಯಾಗಿ ಹಚ್ಚಬೇಕು, ಅಷ್ಟೇ.

ಮೊದಲು ನೀರು

ಹುಟ್ಟಿದ 24 ಗಂಟೆ ಎರೆಯುವುದು ಬೇಡ. ಮೈಮೇಲಿನ ಬಿಳಿ ಲೇಪವನ್ನು ಉಜ್ಜಿ ತೆಗೆಯಬೇಡಿ. ಚರ್ಮಕ್ಕೆ ಅದೇ ಮೊದಲ ರಕ್ಷಣೆ. ಆಮೇಲೂ ಹಂಡೆಯ ಕುದಿನೀರನ್ನು ಮೈ ಕೆಂಪಾಗುವಂತೆ ಹೊಯ್ಯುವುದು ಬೇಡ. ಮೊಣಕೈ ಅದ್ದಿದರೆ ಬೆಚ್ಚಗೆನಿಸಬೇಕು, ಬಿಸಿ ಎನಿಸಬಾರದು. ಸುಮಾರು 37 ಡಿಗ್ರಿ. ಐದರಿಂದ ಹತ್ತು ನಿಮಿಷ ಸಾಕು.

ನಮ್ಮ ಕಡೆ ಬೋರ್‌ವೆಲ್ ನೀರು ಬಹಳಷ್ಟು ಊರುಗಳಲ್ಲಿ ಗಡಸು. ಅದರಲ್ಲಿ ಸಾಬೂನು ನೊರೆ ಬರುವುದಿಲ್ಲ, ಬದಲಿಗೆ ಬಿಳಿ ಜಿಡ್ಡಾಗಿ ಚರ್ಮಕ್ಕೆ ಅಂಟಿ ಉರಿ ತರುತ್ತದೆ. ನೊರೆ ಬರಲೆಂದು ಇನ್ನಷ್ಟು ಸಾಬೂನು ತಿಕ್ಕುವುದೇ ತಪ್ಪು. ವಾಸನೆಯಿಲ್ಲದ ಸೌಮ್ಯ ಕ್ಲೆನ್ಸರ್ ಇದ್ದರೆ ಸಂದಿಗಳಿಗೆ, ಡೈಪರ್ ಜಾಗಕ್ಕೆ ಮಾತ್ರ ಹಚ್ಚಿ. ಉಳಿದ ಮೈಗೆ ನೀರೇ ಸಾಕು. ಕಡ್ಲಿಹಿಟ್ಟು, ಅರಿಷಿಣ ತಿಕ್ಕಿ ರೋಮ ಉದುರಿಸುವ ಉಮೇದಿ ಬೇಡ. ತಿಕ್ಕಿದಷ್ಟೂ ಚರ್ಮದ ಮೇಲ್ಪದರ ಸವೆಯುತ್ತದೆ.

ಎಣ್ಣೆಯ ವಿಚಾರ

ಮನೆಯಲ್ಲಿ ಜಗಳ ಆಗುವುದು ಇಲ್ಲೇ. ಶೇಂಗಾ ಎಣ್ಣೆ ಬೇಡ: ಬಿರಿದ ಚರ್ಮದ ಮೂಲಕ ಒಳಹೊಕ್ಕ ಶೇಂಗಾ ಅಂಶ ಮುಂದೆ ಶೇಂಗಾ ಅಲರ್ಜಿಗೆ ದಾರಿಯಾಗಬಹುದು. ದುಬಾರಿ ಆಲಿವ್ ಎಣ್ಣೆಯೂ ಬೇಡ. ಅದರಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲ ಚರ್ಮದ ತಡೆಗೋಡೆಯನ್ನೇ ಸಡಿಲಿಸುತ್ತದೆ. ಸಾಸಿವೆ ಎಣ್ಣೆ ಉರಿ ತರುತ್ತದೆ. ಅಜ್ಜಿಯ ಹಟಕ್ಕೆ ಎಣ್ಣೆ ಹಚ್ಚಲೇಬೇಕೆಂದರೆ ಶುದ್ಧ ಕೊಬ್ಬರಿ ಎಣ್ಣೆಯನ್ನು ಎರೆಯುವ ಮೊದಲು ಹಗುರವಾಗಿ ಹಚ್ಚಿ.

ಹಚ್ಚುವುದು

ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ. ಮೈ ಇನ್ನೂ ಹಸಿಯಿರುವಾಗ, ಮೂರು ನಿಮಿಷದೊಳಗೆ ಕ್ರೀಮ್ ಹಚ್ಚಿ; ತಡವಾದರೆ ಚರ್ಮದ ತೇವ ಆರಿಹೋಗುತ್ತದೆ. ಸುವಾಸನೆಯಿಲ್ಲದ ಕ್ರೀಮ್ ಅಥವಾ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ಯೂರಿಯಾ ಬೆರೆತದ್ದು ಎಳೆಗೂಸಿಗೆ ಬೇಡ.

ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ. ಮೂರರಿಂದ ಆರು ತಿಂಗಳ ಕೂಸಿಗೆ ಮುಖ, ಕುತ್ತಿಗೆಗೆ ಒಂದು ಗೆರೆ, ಕೈಗೊಂದರಂತೆ ಎರಡು, ಕಾಲಿಗೆ ಒಂದೂವರೆಯಂತೆ ಮೂರು, ಎದೆ-ಹೊಟ್ಟೆಗೆ ಒಂದು, ಬೆನ್ನು-ಕುಂಡೆಗೆ ಒಂದೂವರೆ. ಒಟ್ಟು ಎಂಟೂವರೆ ಗೆರೆ, ನಾಲ್ಕು ಗ್ರಾಂ ಚಿಲ್ಲರೆ. ದಿನಕ್ಕೊಮ್ಮೆ ಹಚ್ಚಿದರೆ 50 ಗ್ರಾಂ ಟ್ಯೂಬು ಹನ್ನೆರಡು ದಿನಕ್ಕೆ ಮುಗಿಯಬೇಕು. ಮೂರು ತಿಂಗಳು ಬಂದಿದೆ ಎಂದರೆ ನೀವು ಹಚ್ಚುತ್ತಿರುವುದು ಹೆಸರಿಗೆ ಮಾತ್ರ.

ರೋಮ ಮಲಗಿರುವ ದಿಕ್ಕಿಗೆ ಸವರಿ; ಎದುರು ದಿಕ್ಕಿಗೆ ತಿಕ್ಕಿದರೆ ರೋಮದ ಬುಡದಲ್ಲಿ ಗುಳ್ಳೆ ಏಳುತ್ತವೆ. ಡಬ್ಬಿಯಾದರೆ ತೊಳೆದು ಒಣಗಿಸಿದ ಚಮಚೆಯಿಂದ ತೆಗೆಯಿರಿ, ಬೆರಳು ಅದ್ದಬೇಡಿ. ಹಚ್ಚುವವರು ಮೊದಲು ಕೈ ತೊಳೆಯಲಿ. ಅಡುಗೆ ಮಾಡುತ್ತಿದ್ದ ಕೈಯಲ್ಲಿ ಬಂದು ಹಚ್ಚುವುದಂತೂ ಬೇಡವೇ ಬೇಡ. ಹೊಕ್ಕಳಬಳ್ಳಿ ಬೀಳುವ ತನಕ ಅದರ ಮೇಲೆ ಏನೂ ಹಚ್ಚಬೇಡಿ. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಏಪ್ರಿಲ್-ಮೇ ಬಿಸಿಲಲ್ಲಿ ಜೆಲ್ಲಿ ಬೆವರನ್ನು ಕಟ್ಟಿಹಾಕಿ ಬೆವರುಸಾಲೆ ಎಬ್ಬಿಸುತ್ತದೆ. ಆಗ ತೆಳು ಕ್ರೀಮಿಗೆ ಬದಲಾಯಿಸಿ. ಬೆಳಗಾವಿಯ ಚಳಿಗೆ ಜೆಲ್ಲಿಯೇ ಸರಿ. ಇನ್ನೊಂದು ಎಚ್ಚರಿಕೆ: ಜೆಲ್ಲಿ ಹೀರಿದ ಬಟ್ಟೆ, ಕೌದಿ ಕಿಡಿ ತಾಕಿದರೆ ಭಗ್ಗನೆ ಹೊತ್ತಿಕೊಳ್ಳುತ್ತವೆ. ಬಾಣಂತಿ ಕೋಣೆಯ ಶೇಗಡಿ, ಲೋಬಾನದ ಕೆಂಡ ಕೂಸಿನ ಹತ್ತಿರ ಬೇಡ. ಲೋಬಾನದ ಹೊಗೆ ಉಸಿರಿಗೂ ಒಳ್ಳೆಯದಲ್ಲ.

ಇಷ್ಟಾದರೂ ಇಸಬು ಬರಬಹುದು. ಮೊದಲು ಕೆನ್ನೆ, ತಲೆ, ಕೈಕಾಲಿನ ಹೊರಭಾಗ ಒರಟಾಗುತ್ತವೆ. ಡೈಪರ್ ಜಾಗ ಸಾಮಾನ್ಯವಾಗಿ ಪಾರಾಗಿರುತ್ತದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಬೂದು ಅಥವಾ ಕಡುಗಂದು ಮಚ್ಚೆಯಾಗಿ ಕಾಣುತ್ತದೆ, ಕೈಯಾಡಿಸಿದರೆ ಮರಳು ಮರಳು. ಔಷಧಿ ಅಂಗಡಿಯವರು ಕೊಡುವ ಸ್ಟಿರಾಯ್ಡ್ ಬೆರೆತ ಟ್ಯೂಬು ತಂದು ಹಚ್ಚಬೇಡಿ. ನೀರು ಸೋರಿ ಹಳದಿ ಹಕ್ಕಳೆ ಕಟ್ಟಿದರೆ ಮರುದಿನವೇ ಚರ್ಮರೋಗ ವಿಭಾಗಕ್ಕೆ ಕರೆದೊಯ್ಯಿರಿ. ಜ್ವರದ ಜೊತೆ ಗುಂಪುಗುಂಪಾಗಿ ನೀರ್ಗುಳ್ಳೆ ಎದ್ದರೆ ಬೆಳಗಾಗುವ ತನಕವೂ ಕಾಯಬೇಡಿ.