ಗೆರೆ ಗೀಜಗದ ಹಿಂದೆ ಬಿದ್ದ ನನ್ನ ಕಥೆ

ಮಳೆಗಾಲದಲ್ಲಿ ಗಂಡು ಗೀಜಗ ಯಾವುದು, ಗಂಡು ಗೆರೆ ಗೀಜಗ ಯಾವುದು ಅಂತ ಯಾರು ಬೇಕಾದರೂ ಹೇಳುತ್ತಾರೆ. ಎರಡಕ್ಕೂ ನೆತ್ತಿ ಹಳದಿ. ಗೀಜಗದ ಎದೆಯೂ ಹಳದಿ, ಗೆರೆ ಗೀಜಗದ ಎದೆ ತುಂಬಾ ಕಪ್ಪು ಗೀರು. ತಕರಾರು ಶುರುವಾಗೋದು ಡಿಸೆಂಬರಿನಲ್ಲಿ. ಆಗ ಗಂಡು, ಹೆಣ್ಣು, ಮರಿ ಎಲ್ಲವೂ ಗುಬ್ಬಚ್ಚಿ ಬಣ್ಣ. ಹಕ್ಕಿ ನೋಡಲು ಜೊತೆಗೆ ಬರುವ ಗೆಳೆಯರು "ಸುಮ್ನೆ ಗೀಜಗ ಅಂತ ಬರ್ಕೊಂಡು ಮನೆಗೆ ನಡಿ" ಅನ್ನುತ್ತಿದ್ದರು.

ಮೊದಲ ಎರಡು ವರ್ಷ ಎದೆಯ ಗೀರನ್ನೇ ನಂಬಿ ಕೆಟ್ಟೆ. ಗೀಜಗದ ಎದೆಯಲ್ಲೂ ಕೆಲವೊಮ್ಮೆ ಮಸುಕು ಗೀರು ಇರುತ್ತದೆ. ಪುಕ್ಕ ಒದ್ದೆಯಾದರಂತೂ ಎಲ್ಲಕ್ಕೂ ಗೀರು ಇದ್ದಂತೆ ಕಾಣುತ್ತದೆ. ತಪ್ಪು ಲೆನ್ಸಿನದ್ದು ಅಂದುಕೊಂಡು ಹೆಚ್ಚುಕಡಿಮೆ ಎಪ್ಪತ್ತು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಲೆನ್ಸ್ ತಂದೆ. ಒಂದೇ ಮಳೆಗಾಲಕ್ಕೆ ಫಂಗಸ್ ಹಿಡಿಯಿತು. ರಿಪೇರಿಗೆ ಇನ್ನೊಂದು ಎಂಟು ಸಾವಿರ. ಮನೆಯಲ್ಲಿ ಆ ಲೆಕ್ಕ ಇನ್ನೂ ಮುಗಿದಿಲ್ಲ.

ಕೊನೆಗೆ ಕೈಹಿಡಿದದ್ದು ನಲವತ್ತು ರೂಪಾಯಿಯ ನೋಟ್‌ಬುಕ್ ಮತ್ತು ಒಂದು ಪ್ಲಾಸ್ಟಿಕ್ ಸ್ಟೂಲು. ಹಕ್ಕಿಯನ್ನು ಬಿಟ್ಟು ಗೂಡಿನಿಂದ ಶುರುಮಾಡಿದೆ. ಹೊಸಕೋಟೆ ಕೆರೆಯ ಕಡೆ ಜಾಲಿ, ಈಚಲಿಗೆ ಉದ್ದ ಕೊಳವೆ ಬಿಟ್ಟು ನೇತಾಡೋದು ಗೀಜಗದ ಗೂಡು. ಜೊಂಡಿನೊಳಗೆ ಅದರದ್ದೇ ನಾಲ್ಕಾರು ಎಲೆ ಸೇರಿಸಿ ಹೆಣೆದ ಗಿಡ್ಡ ಕೊಳವೆಯದ್ದು ಗೆರೆ ಗೀಜಗದ್ದು. ವಿಳಾಸ ಗೊತ್ತಿದ್ದರೆ ಹೆಸರೂ ಗೊತ್ತಾಗುತ್ತದೆ, ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡಿಗೆ ಹೋಗಿ ಬರುವ ಹೆಣ್ಣುಗಳ ಮುಖ, ಕತ್ತು ಮಾತ್ರ ಬರೆದೆ. ಇನ್ನೂರರ ಹತ್ತಿರ ಚಿತ್ರ ಆಗಿರಬೇಕು. ಮೊದಲ ಐವತ್ತು ನೋಡಿದರೆ ಆಲೂಗಡ್ಡೆ ಅನ್ನಿಸುತ್ತದೆ.

ಆಮೇಲೆ ಕಣ್ಣಿಗೆ ಬಿತ್ತು. ಗೆರೆ ಗೀಜಗಕ್ಕೆ ಹುಬ್ಬು ಹಳದಿ, ಕಿವಿಯ ಹಿಂದೆ ಕತ್ತಿನ ಪಕ್ಕ ಇನ್ನೊಂದು ಹಳದಿ ಮಚ್ಚೆ. ಗೀರು ಎದೆಗೆ ನಿಲ್ಲದೆ ಪಕ್ಕೆಗೂ ಇಳಿಯುತ್ತದೆ. ಮೂರೂ ಸೇರಿದರೆ ಮಾತ್ರ ಹೆಸರು ಬರೆಯುತ್ತೇನೆ. ಈಗ ಚಳಿಗಾಲದ ಸಂಜೆ ಜೊಂಡಿಗೆ ಮಲಗಲು ಬರುವ ನಲವತ್ತರಲ್ಲಿ ಮೂವತ್ತನ್ನಾದರೂ ಯಾವುದು ಅಂತ ಗುರುತಿಸುತ್ತೇನೆ. ಅವು ಎದುರುಮುಖವಾಗಿ ಕೂರುವ ಹಾಗೆ ಸ್ಟೂಲು ಎಲ್ಲಿ ಹಾಕಬೇಕು ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಮನೆಗೆ ನಡಿ ಎಂದಿದ್ದ ಗೆಳೆಯನೇ ಹೋದ ಜನವರಿಯಲ್ಲಿ ಫೋಟೋ ಕಳಿಸಿ "ಇದು ಯಾವುದು?" ಅಂದ. ಉತ್ತರ ಕೊಡಲು ಬೇಕಂತಲೇ ಎರಡು ದಿನ ಮಾಡಿದೆ.

ನಡುವೆ ಇನ್ನೊಂದು ಹುಚ್ಚು. ಉದುರಿದ ಗೂಡುಗಳನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಹೋಲಿಸುವುದು. ಗೀಜಗ ಒಳಗೆ ಮೆತ್ತುವ ಕೆಸರಿಗೆ ಮಿಂಚುಹುಳ ಅಂಟಿಸಿ ದೀಪ ಮಾಡುತ್ತದೆ ಅಂತ ಅಜ್ಜಿ ಹೇಳುತ್ತಿದ್ದಳು. ನನಗೆ ಸಿಕ್ಕಿದ್ದು ಬರೀ ಮಣ್ಣು. ಗೆರೆ ಗೀಜಗದ ಗೂಡು ನೀರಿಗೇ ಬೀಳುವುದರಿಂದ ಹೋಲಿಕೆಯೇ ಆಗಲಿಲ್ಲ. ಒಂದಕ್ಕಾಗಿ ಇಳಿದು ಮೊಣಕಾಲವರೆಗೆ ಹೂತುಹೋದೆ, ಚಪ್ಪಲಿ ಕೆರೆಗೇ ಹೋಯಿತು. ಗೂಡು ಮಾತ್ರ ಸಿಕ್ಕಿದೆ, ಟೆರೇಸಿನ ಮೇಲೆ ಒಣಗುತ್ತಿದೆ.