ಹೊಳೆ ಬದಿಯ ಕಾಫಿ ತೋಟ: ದಡ ಉಳಿಸಿಕೊಂಡ ನನ್ನ ಅನುಭವ

ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾವೇರಿ ಬದಿಯ ಹಳೇ ತೋಟ, ಬ್ರಿಟಿಷರ ಕಾಲದ್ದು. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಆದದ್ದು 1854ರಲ್ಲಿ, ಮಡಿಕೇರಿಯಲ್ಲಿ. ಆಮೇಲೆ ಈ ಕಡೆಯ ಬಿದಿರು ಕಾಡಿಗೆ ಬಂದವರು ಮರವನ್ನೆಲ್ಲ ಸವರಿ ಅರೇಬಿಕಾ ಹಾಕಿದರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿದ್ದು ತೋಟಕ್ಕೆ ತೋಟವೇ ಒಣಗಿತು. ನೆರಳಿನ ಬೆಲೆ ಗೊತ್ತಾಗಿದ್ದು ಆಗಲೇ. ಈಗ ನಮ್ಮಲ್ಲಿರುವುದು ರೊಬಸ್ಟಾ. ಮೇಲೆ ಅತ್ತಿ, ಹಲಸು, ನಂದಿ, ಹಾಲುವಾಣ.

ಮೇಲಿನ ಜಾಗದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರೋದು), ಕಂಬಚಿಗುರು (ಕಾಫಿ ಕಾಂಡದಲ್ಲಿ ನೆಟ್ಟಗೆ ಏಳುವ ಬೇಡದ ಚಿಗುರು) ತೆಗೆಯೋದು ಎಲ್ಲರ ಹಾಗೇ. ಕಷ್ಟ ಇರೋದು ಹೊಳೆಯಂಚಿನಲ್ಲಿ.

2019ರ ಆಗಸ್ಟ್‌ನಲ್ಲಿ ಕಾವೇರಿ ತೋಟದೊಳಗೇ ಬಂತು. ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಮನೆಗಳೇ ಹೋದವು. ನೀರು ಇಳಿದಾಗ ಕಾಫಿ ಗಿಡಗಳ ಬುಡದಲ್ಲಿ ಮೊಣಕಾಲೆತ್ತರ ಗೋಡು, ಅಂದರೆ ಹೊಳೆ ತಂದ ಕೆಸರುಮಣ್ಣು. ಒಣಗಿದರೆ ಅದು ಸಿಮೆಂಟಿನಷ್ಟು ಗಟ್ಟಿ. ರೊಬಸ್ಟಾದ ಬೇರು ಮೇಲೆಯೇ ಹರಡಿರುತ್ತದೆ, ಗಾಳಿ ಸಿಗದಿದ್ದರೆ ಕೊಳೆಯುತ್ತದೆ. ಗುದ್ದಲಿ ಹಾಕಿದರೆ ಬೇರು ಕಡಿಯುತ್ತದೆ ಅಂತ ಹಸಿ ಇರುವಾಗಲೇ ಕೈಯಲ್ಲಿ ಬಾಚಿ ತೆಗೆಸಿದೆ. ತೊಟ್ಟಿಲು ಗುಂಡಿ (ಮಳೆನೀರು ಇಂಗಿಸಲು ಸಾಲುಗಳ ನಡುವೆ ತೋಡುವ ಉದ್ದ ಗುಂಡಿ) ಇಳಿಜಾರಿಗೆ ಒಳ್ಳೇದು, ಆದರೆ ತಗ್ಗಿನಲ್ಲಿ ನೀರು ನಿಲ್ಲಿಸುತ್ತದೆ. ಅಲ್ಲಿ ಗುಂಡಿ ಮುಚ್ಚಿ, ಸಾಲುಗಳ ನಡುವೆ ಬಸಿಗಾಲುವೆ ತೋಡಿಸಿದೆ. ಮೆಣಸಿನ ಬಳ್ಳಿಗಳು ಮಾತ್ರ ಸೊರಗು ರೋಗಕ್ಕೆ ಜಾಸ್ತಿ ಹೋದವು. ಉಳಿದವಕ್ಕೆ ಶೇಕಡಾ 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಿದೆವು.

ದಡದ ಕೊನೆಯ ಸಾಲುಗಳ ಕಾಫಿಯನ್ನು ಬಿಟ್ಟುಕೊಡೋಣ ಅಂತ ಆಗಲೇ ತೀರ್ಮಾನಿಸಿದೆ. ಮನೆಯಲ್ಲಿ ಒಪ್ಪಲು ಸಮಯ ಹಿಡಿಯಿತು, ಫಸಲು ಕೊಡುವ ಗಿಡ ಅಲ್ವಾ! ನಮ್ಮಲ್ಲಿ ಬಹಳ ಕಾಲದಿಂದ ಕೆಲಸ ಮಾಡುವ ಯರವ ಬುಡಕಟ್ಟಿನ ತಾತ ಹೇಳಿದರು: "ನೀರಂಜಿ ಬೇರು ಬಿಟ್ಟಲ್ಲಿ ಹೊಳೆ ಮಣ್ಣು ತಿನ್ನಲ್ಲಮ್ಮಾ." ನೀರಂಜಿ ಅಂದರೆ ಹೊಳೆಯಂಚಿನಲ್ಲಿ ಬೆಳೆಯುವ ಮರ. ಅದಕ್ಕೆ ಸಸಿ ಬೇಡ. ತೋಳು ದಪ್ಪದ ಹಸಿ ಕೊಂಬೆ ಕಡಿದು ಗೂಟದ ಹಾಗೆ ಆಳಕ್ಕೆ ಹೊಡೆದರೆ ಸಾಕು, ಚಿಗುರುತ್ತದೆ. ಆದರೆ ಮಳೆಗಾಲದ ಮೊದಲು ನೆಡಬಾರದು, ಹೊಳೆ ಎಳೆದುಕೊಂಡು ಹೋಗುತ್ತದೆ. ಸೆಪ್ಟೆಂಬರ್ ಕೊನೆಗೆ ನೀರು ಇಳಿದ ಮೇಲೆ ನೆಟ್ಟರೆ ಮುಂದಿನ ಮಳೆಗೆ ಬೇರು ಹಿಡಿದಿರುತ್ತದೆ. ಅದರ ಹಿಂದೆ ಹೊಳೆಮತ್ತಿ, ಹೊಂಗೆ, ಬಿದಿರು. ಮಧ್ಯೆ ಲಾವಂಚ. ದಡಕ್ಕೆ ಸಿಲ್ವರ್ ಓಕ್ ಮರ ಹಾಕಲೇ ಇಲ್ಲ. ಬೇಗ ಬೆಳೆಯುತ್ತದೆ, ಮಾರಾಟಕ್ಕೂ ಸುಲಭ, ನಿಜ. ಆದರೆ ಇಲ್ಲಿ ನನಗೆ ಬೇಕಾದದ್ದು ಮರದ ದುಡ್ಡಲ್ಲ, ಬೇರು.

ಈಗ ಆ ಮರಗಳಲ್ಲಿ ತುಡುವೆ ಜೇನು ಸೇರಿಕೊಂಡಿದೆ. ರೊಬಸ್ಟಾ ಕಾಯಿ ಕಟ್ಟಲು ಗಿಡದಿಂದ ಗಿಡಕ್ಕೆ ಪರಾಗ ಹೋಗಬೇಕು. ಅದಕ್ಕೇ ಹೂ ಮಳೆಯ (ಕಾಫಿ ಹೂ ಅರಳಿಸುವ ಮಳೆಯ) ನಂತರದ ದಿನಗಳಲ್ಲಿ ಈ ಜೇನು ನನಗೆ ಗೊಬ್ಬರಕ್ಕಿಂತ ಮುಖ್ಯ. ಪಕ್ಕದ ತೋಟದವರೂ ನೀರಂಜಿ ಗೂಟ ಕೇಳಿದ್ದಾರೆ. ಈ ಸಲ ಹೊಳೆ ಇಳಿದ ತಕ್ಷಣ ಕಡಿಸಿ ಕೊಡುತ್ತೇನೆ.